ಒಂದು ಗೇಣಿನ ಆಳ

ಫೋನ್ಸಾವನ್‌ನಲ್ಲಿ ಹಳೆಯ ಮನೆ ಎಂಬುದೇ ಕಾಣುವುದಿಲ್ಲ. ಬೇಕಾದ್ದಕ್ಕಿಂತ ಅಗಲವಾದ ಒಂದು ಮುಖ್ಯರಸ್ತೆ. ಅದರ ಎರಡೂ ಬದಿಗೆ ಕಾಂಕ್ರೀಟಿನ ಅಂಗಡಿ ಸಾಲು: ಮೊಬೈಲು, ಟೈರು, ಗೊಬ್ಬರ, ಪವರ್ ಟಿಲ್ಲರು. ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿರುವುದರಿಂದ ಬೆಳಗಿನ ಹೊತ್ತು ಸ್ವೆಟರ್ ಬೇಕು. ಉತ್ತರ ಲಾವೋಸ್‌ನ ಶಿಯಾಂಗ್ ಖುವಾಂಗ್ ಪ್ರಾಂತ್ಯಕ್ಕೆ ಈಗ ಇದೇ ರಾಜಧಾನಿ. ಊರು ಬೆಳೆದದ್ದು 1975ರ ನಂತರ. ಅದಕ್ಕೂ ಹಿಂದಿನ ರಾಜಧಾನಿ ಮುವಾಂಗ್ ಖೂನ್ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿದೆ. ಅದು ನೆಲಸಮವಾಯಿತು, ಆದ್ದರಿಂದ ಇದು ಹುಟ್ಟಿತು.

ವಿಯೆಂಟಿಯಾನ್‌ನಿಂದ ಬರುವ ಬಸ್ಸು ವಾಂಗ್ ವಿಯೆಂಗ್‌ನ ಸುಣ್ಣಕಲ್ಲಿನ ಗುಡ್ಡಗಳನ್ನು ದಾಟಿ, ಫೂ ಖೂನ್ ಎಂಬ ಕೂಡುರಸ್ತೆಯಲ್ಲಿ ಪೂರ್ವಕ್ಕೆ ತಿರುಗಿ ಏಳನೇ ನಂಬರಿನ ಹೆದ್ದಾರಿ ಹಿಡಿಯುತ್ತದೆ. ಆಮೇಲೆ ಬರೀ ತಿರುವು. ಹೊಟ್ಟೆ ತೊಳಸುವುದು ನಿಲ್ಲುವ ಹೊತ್ತಿಗೆ ಬೆಟ್ಟಗಳು ಹಿಂದೆ ಸರಿದು ಹುಲ್ಲಿನ ದಿಣ್ಣೆಗಳ ವಿಶಾಲ ಬಯಲು ತೆರೆದುಕೊಳ್ಳುತ್ತದೆ. ನಾನು ದಾವಣಗೆರೆ ಕಡೆಯವನು. ಬಯಲು ಕಂಡರೆ ಮೊದಲು ಕೇಳಿಕೊಳ್ಳುವುದು, ಇಲ್ಲಿ ಏನು ಬೆಳೆಯುತ್ತಾರೆ ಎಂದು. ಇಷ್ಟೊಂದು ಸಮತಟ್ಟಾದ ನೆಲದಲ್ಲಿ ಇಷ್ಟು ಕಡಿಮೆ ಹೊಲಗಳು ಯಾಕೆ ಎಂಬುದು ಬಸ್ಸಿನ ಕಿಟಕಿಯಲ್ಲೇ ಹುಟ್ಟಿದ ಪ್ರಶ್ನೆ.

ನಾನು ಉಳಿದ ವಸತಿಗೃಹದ ಗೇಟಿನ ಎರಡು ಕಂಬಗಳು ಕ್ಲಸ್ಟರ್ ಬಾಂಬಿನ ಖಾಲಿ ಕವಚಗಳು. ಕೌಂಟರಿನ ಪಕ್ಕದ ಗಾಜಿನ ಕಪಾಟಿನಲ್ಲಿ ತುಕ್ಕು ಹಿಡಿದ ಶೆಲ್ಲುಗಳು, ರೈಫಲ್ಲಿನ ನಳಿಗೆ, ಯಾರದೋ ಹೆಲ್ಮೆಟ್ಟು. ಎದುರಿನ ಫೆ ಅಂಗಡಿಯಲ್ಲಿ, ಅಂದರೆ ಅಕ್ಕಿಯ ಶಾವಿಗೆಗೆ ಬಿಸಿ ಸಾರು ಹಾಕಿಕೊಡುವ ಅಂಗಡಿಯಲ್ಲಿ, ಉದ್ದಕ್ಕೆ ಸೀಳಿದ ಕವಚವೊಂದರಲ್ಲಿ ಈರುಳ್ಳಿ ಸೊಪ್ಪು ಬೆಳೆದಿತ್ತು. ಅಂಗಡಿಯಾಕೆ ಅದರಿಂದಲೇ ಒಂದು ಹಿಡಿ ಕಿತ್ತು ತೊಳೆದು ನನ್ನ ಬಟ್ಟಲಿಗೆ ಕತ್ತರಿಸಿದಳು. ಪ್ರವಾಸಿಗಳು ಅದರ ಫೋಟೊ ತೆಗೆಯುತ್ತಾರೆ. ಆಕೆಗೆ ಅದು ಹಂದಿ ಕೋಳಿಗಳಿಗೆ ಎಟುಕದ, ಗೆದ್ದಲು ಹತ್ತದ ಒಳ್ಳೆಯ ಕುಂಡ, ಅಷ್ಟೇ.

ಗೈಡ್ ಆಗಿ ಸಿಕ್ಕವನು ಮೂವತ್ತರ ಹುಡುಗ. ಚಿಕ್ಕಂದಿನಲ್ಲಿ ವಿಹಾರದಲ್ಲಿ ಸಾಮಣೇರನಾಗಿ, ಅಂದರೆ ಎಳೆಯ ಭಿಕ್ಷುವಾಗಿ ಇದ್ದು ಅಲ್ಲೇ ಇಂಗ್ಲಿಷ್ ಕಲಿತವನು. ಹಳ್ಳಿಗಳಲ್ಲಿ ನನಗೂ ಅಲ್ಲಿನವರಿಗೂ ನಡುವೆ ಮಾತು ದಾಟಿಸಿದವನು ಅವನೇ. ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೆ ಹುಟ್ಟಿದ ಅವನಿಗೂ ಅದರ ಲೆಕ್ಕಗಳು ಮಗ್ಗಿಯಷ್ಟು ಬಾಯಿಪಾಠ. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಲಾವೋಸ್ ಮೇಲೆ ನಡೆಸಿದ ದಾಳಿ 5,80,000. ಬಿದ್ದ ಬಾಂಬು 20 ಲಕ್ಷ ಟನ್ನಿಗೂ ಹೆಚ್ಚು. ಒಂಬತ್ತು ವರ್ಷ, ಹಗಲು ರಾತ್ರಿ, ಎಂಟು ನಿಮಿಷಕ್ಕೊಂದು ವಿಮಾನ. ಆಗ ಇಡೀ ದೇಶದ ಜನಸಂಖ್ಯೆ 30 ಲಕ್ಷವೂ ಇರಲಿಲ್ಲ. ಈ ಅಂಕಿಗಳನ್ನು ಯಾವ ಪ್ರವಾಸಿ ಕೈಪಿಡಿಯಲ್ಲಾದರೂ ಓದಬಹುದು, ಓದಿ ಮರೆಯಲೂಬಹುದು. ಲಕ್ಷಗಳಿಗೊಂದು ಸ್ವಭಾವವಿದೆ, ಅವು ಕಣ್ಣಿಗೆ ಕಾಣುವುದಿಲ್ಲ. ನನಗೆ ಈ ಯುದ್ಧ ಅರ್ಥವಾಗತೊಡಗಿದ್ದು ಅದಕ್ಕಿಂತ ತೀರ ಸಣ್ಣದೊಂದು ಅಳತೆಯಿಂದ. ಅದು ಆಮೇಲೆ ಬರುತ್ತದೆ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1962ರ ಜಿನೀವಾ ಒಪ್ಪಂದದಲ್ಲಿ ಹದಿನಾಲ್ಕು ದೇಶಗಳು ಸೇರಿ ಲಾವೋಸ್ ತಟಸ್ಥ ದೇಶವೆಂದು ಒಪ್ಪಿದವು. ಸಹಿ ಹಾಕಿದವರಲ್ಲಿ ಭಾರತವೂ ಇತ್ತು. ಆ ತಟಸ್ಥತೆಯನ್ನು ಕಾಯಬೇಕಿದ್ದ ಅಂತರರಾಷ್ಟ್ರೀಯ ಮೇಲ್ವಿಚಾರಣಾ ಆಯೋಗದ ಅಧ್ಯಕ್ಷತೆಯೂ ನಮ್ಮದೇ; ಕೆನಡಾ, ಪೋಲೆಂಡ್ ಜೊತೆಗಿದ್ದವು. ಕಾಗದದ ಮೇಲೆ ಎಲ್ಲ ಸರಿಯಿತ್ತು. ಆದರೆ ಉತ್ತರ ವಿಯೆಟ್ನಾಂನ ಸೈನ್ಯ ಲಾವೋಸ್ ಬಿಟ್ಟು ಹೋಗಲಿಲ್ಲ, ಅದರ ನೆರಳಿನಲ್ಲಿ ಪಾಥೆಟ್ ಲಾವೊ ಕಮ್ಯುನಿಸ್ಟರು ಬೆಳೆದರು. ಇತ್ತ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ, ಲಾಂಗ್ ಚೆಂಗ್ ಎಂಬ ಕಣಿವೆಯಲ್ಲಿ ನೆಲೆ ಮಾಡಿಕೊಂಡು ಜನರಲ್ ವಾಂಗ್ ಪಾವ್ ಕೈಕೆಳಗೆ ಹ್ಮಾಂಗ್ ಬುಡಕಟ್ಟಿನವರ ಗುಪ್ತ ಸೈನ್ಯ ಕಟ್ಟಿತು. 1964ರ ಡಿಸೆಂಬರಿನಲ್ಲಿ ಈ ಬಯಲಿನ ಕಡೆಗೆ ಬಾಂಬಿನ ವಿಮಾನಗಳು ಹೊರಟವು. ಅಮೆರಿಕದ ಜನರಿಗೆ ಅದು ಹಲವು ವರ್ಷ ಗೊತ್ತೇ ಇರಲಿಲ್ಲ.

ಆಯೋಗದ ವಿಷಯ ಬಂದದ್ದಕ್ಕೆ ಒಂದು ಮಾತು. 1965ರ ಅಕ್ಟೋಬರಿನಲ್ಲಿ ವಿಯೆಂಟಿಯಾನ್‌ನಿಂದ ಹನಾಯ್‌ಗೆ ಹೊರಟಿದ್ದ ಆಯೋಗದ ವಿಮಾನವೊಂದು ದಾರಿಯಲ್ಲಿ ಕಾಣೆಯಾಯಿತು. ಅದರಲ್ಲಿ ಭಾರತದವರೂ ಇದ್ದರು. ಅವಶೇಷ ಸಿಗಲಿಲ್ಲ. ಯುದ್ಧವೇ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದ ದೇಶದ ಆಕಾಶದಲ್ಲಿ ಯುದ್ಧ ಇಲ್ಲದಂತೆ ನೋಡಿಕೊಳ್ಳಬೇಕಿದ್ದವರೇ ಕಳೆದುಹೋದರು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲೂ ಸಿಗಲಿಲ್ಲ.

ಮುವಾಂಗ್ ಖೂನ್‌ಗೆ ಹೋದದ್ದು ಮೋಡ ಕವಿದ ಮುಂಜಾನೆ. ದಾರಿಯುದ್ದಕ್ಕೂ ಕೊಯ್ಲು ಮುಗಿದ ಗದ್ದೆಗಳು. ನಡುನಡುವೆ ಯಾವ ಕಾಲುವೆಗೂ ಸೇರದ ದುಂಡನೆಯ ಹೊಂಡಗಳು. ಕೆಲವಕ್ಕೆ ನೀರು ತುಂಬಿ ಮೀನು ಬಿಟ್ಟಿದ್ದರು, ಒಂದರಲ್ಲಿ ಬಾತುಕೋಳಿಗಳಿದ್ದವು. ಊರಿನ ವಾಟ್ ಪಿಯಾ ವಾಟ್ ಒಂದು ಕಾಲಕ್ಕೆ ದೊಡ್ಡ ದೇವಾಲಯವಾಗಿತ್ತಂತೆ. ಈಗ ಉಳಿದಿರುವುದು ಕೆಲವು ಇಟ್ಟಿಗೆ ಕಂಬಗಳು ಮತ್ತು ಅವುಗಳ ನಡುವೆ ಆಕಾಶದ ಕೆಳಗೆ ಕೂತ ಬುದ್ಧ. ಸುಟ್ಟು, ಬಿರಿದು, ಮುಖದ ಒಂದು ಭಾಗ ವಿಕಾರವಾಗಿದೆ. ಹೆಗಲಿಗೆ ಯಾರೋ ಹೊಸ ಕೇಸರಿ ವಸ್ತ್ರ ಹೊದಿಸಿದ್ದರು. ಜನ ಬಂದು ಊದುಬತ್ತಿ ಹಚ್ಚಿ ಹೋಗುತ್ತಾರೆ. ಇಂಥ ಕಡೆ ಪ್ರವಾಸಿ ಬರಹಗಾರರಿಗೆ ಬುದ್ಧನ ಮುಗುಳ್ನಗೆಯ ಬಗ್ಗೆ ಎರಡು ಪ್ಯಾರಾ ಬರೆಯುವ ಚಪಲವಿರುತ್ತದೆ. ನನಗೆ ಅಲ್ಲಿ ಮುಗುಳ್ನಗೆ ಕಾಣಲಿಲ್ಲ. ಸಿಮೆಂಟು ಮೆತ್ತಿ ಸರಿಮಾಡಲು ಹೋಗಿ ಅರ್ಧಕ್ಕೆ ಬಿಟ್ಟ ಗುರುತುಗಳು ಕಂಡವು.

ಈ ಊರು ನಾಶವಾದ ಹೊತ್ತಿನ ಲೆಕ್ಕಾಚಾರ ಗಮನಿಸಬೇಕು. 1968ರ ನವೆಂಬರಿನಲ್ಲಿ ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಅಮೆರಿಕ ನಿಲ್ಲಿಸಿತು. ಅಲ್ಲಿ ಕೆಲಸ ಕಳೆದುಕೊಂಡ ವಿಮಾನಗಳು ಇಲ್ಲಿಗೆ ತಿರುಗಿದವು. ದಾಳಿ ಇಷ್ಟು ಹೆಚ್ಚಿದ್ದೇಕೆ ಎಂದು ಮರುವರ್ಷ ಸೆನೆಟ್ ಸಮಿತಿ ಕೇಳಿದಾಗ, ಅಷ್ಟೊಂದು ವಿಮಾನ ಇಟ್ಟುಕೊಂಡು ಸುಮ್ಮನೆ ಕೂರಲಾಗುತ್ತಿರಲಿಲ್ಲ ಎಂಬರ್ಥದ ಉತ್ತರ ಕೊಟ್ಟವರು ವಿಯೆಂಟಿಯಾನ್‌ನ ರಾಯಭಾರ ಕಚೇರಿಯ ಹಿರಿಯ ಅಧಿಕಾರಿ. ದ್ವೇಷದಿಂದ ಸುಟ್ಟಿದ್ದರೆ ಅದಕ್ಕೊಂದು ಮುಖವಾದರೂ ಇರುತ್ತಿತ್ತು. ಇಲ್ಲಿ ಒಂದು ಜಿಲ್ಲೆಯಷ್ಟು ಬದುಕು ಸುಟ್ಟುಹೋದದ್ದಕ್ಕೆ ವಿಮಾನಗಳು ಬಿಡುವಾಗಿದ್ದದ್ದೂ ಒಂದು ಕಾರಣ.

ಹಳ್ಳಿಯವರ ಪಾಲಿಗೆ ಆ ವರ್ಷಗಳು ಹೇಗಿದ್ದವು ಎಂಬುದು ಹೊರಜಗತ್ತಿಗೆ ತಿಳಿದದ್ದು ಬಹುಮಟ್ಟಿಗೆ ಒಬ್ಬನಿಂದ. ಫ್ರೆಡ್ ಬ್ರಾನ್ಫ್‌ಮನ್ ಎಂಬ ಅಮೆರಿಕದ ಯುವಕ ಲಾವೋಸ್‌ಗೆ ಸ್ವಯಂಸೇವಕನಾಗಿ ಬಂದು ಲಾವೊ ಭಾಷೆ ಕಲಿತಿದ್ದ. 1969ರಲ್ಲಿ ಈ ಬಯಲಿನಿಂದ ವಿಯೆಂಟಿಯಾನ್‌ಗೆ ಬಂದ ನಿರಾಶ್ರಿತರನ್ನು ಮಾತಾಡಿಸತೊಡಗಿದ. ನೋಟುಬುಕ್ಕು, ಪೆನ್ಸಿಲ್ಲು ಕೊಟ್ಟು ಅವರಿಂದಲೇ ಕಥೆಗಳನ್ನೂ ಚಿತ್ರಗಳನ್ನೂ ಬರೆಸಿದ. 1971ರಲ್ಲಿ ಸೆನೆಟ್‌ನ ಮುಂದೆ ಸಾಕ್ಷಿ ಹೇಳಿದ. ಮರುವರ್ಷ ಆ ಬರಹ, ಚಿತ್ರಗಳು ಪುಸ್ತಕವಾಗಿ ಬಂದವು. ಆ ಚಿತ್ರಗಳಲ್ಲಿ ಕೆಲವನ್ನು ನೋಡಿದ್ದೇನೆ. ಕಡ್ಡಿಯಂಥ ಮನುಷ್ಯರು, ಎಮ್ಮೆಗಳು, ಮೇಲೆ ಮನೆಗಿಂತ ದೊಡ್ಡ ವಿಮಾನ.

ಆ ಸಾಕ್ಷ್ಯಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾವಿನ ವಿವರಕ್ಕಿಂತ ಬೇಸಾಯದ ವಿವರ. ಹಗಲು ಹೊಲದಲ್ಲಿ ನಿಂತರೆ ವಿಮಾನದ ಕಣ್ಣಿಗೆ ಬೀಳುತ್ತೀರಿ. ಆದ್ದರಿಂದ ಜನ ಹಗಲಿಡೀ ಗುಹೆಯಲ್ಲಿ, ಕಾಡಿನ ಗುಂಡಿಯಲ್ಲಿ ಅಡಗಿ, ಕತ್ತಲಾದ ಮೇಲೆ ಗದ್ದೆಗಿಳಿದರು. ನಾಟಿ ಕತ್ತಲಲ್ಲಿ, ಕಳೆ ಕತ್ತಲಲ್ಲಿ, ಕೊಯ್ಲು ಕತ್ತಲಲ್ಲಿ. ಕಳೆಯನ್ನೂ ಪೈರನ್ನೂ ಕೈಯಲ್ಲಿ ಮುಟ್ಟಿ ಬೇರ್ಪಡಿಸುವುದು ಏನೆಂದು ಗದ್ದೆಗೆ ಇಳಿದವರಿಗೆ ಗೊತ್ತಾದೀತು. ಹೊಗೆ ಕಂಡೀತೆಂದು ಹಗಲು ಒಲೆ ಹಚ್ಚುವಂತಿಲ್ಲ. ಬಣ್ಣದ ಬಟ್ಟೆ ಉಡುವಂತಿಲ್ಲ. ಬಿಳಿ ಕೋಳಿಯನ್ನು ಕೂಡ ಹೊರಗೆ ಬಿಡಲು ಹೆದರಿಕೆ. ಮನುಷ್ಯರು ಹೇಗೋ ಗುಹೆ ಸೇರಿದರು, ಎಮ್ಮೆಗಳು ಎಲ್ಲಿಗೆ ಹೋಗಬೇಕು? ಉಳುವ ಎಮ್ಮೆ ಸತ್ತ ಮನೆಯಲ್ಲಿ ಮುಂದಿನ ವರ್ಷದ ಅನ್ನವೂ ಸತ್ತ ಹಾಗೆಯೇ.

ಸೈನಿಕರನ್ನು ಮಾತ್ರ ಹೊಡೆಯುತ್ತಿದ್ದೇವೆ ಎಂದು ಆಗ ಹೇಳಲಾಯಿತು. ಈ ಬಯಲಿನಲ್ಲಿ ಸೈನಿಕ ಉಣ್ಣುತ್ತಿದ್ದದ್ದೂ ರೈತನ ಅಕ್ಕಿಯನ್ನೇ, ಹೊರೆ ಹೊರಿಸುತ್ತಿದ್ದದ್ದೂ ಅವನ ಹೆಗಲಿಗೇ. ಆ ಅಕ್ಕಿ ಸಿಗದಂತೆ ಮಾಡುವುದು, ಹೊರುವವರು ಇಲ್ಲದಂತೆ ಮಾಡುವುದು ಯುದ್ಧತಂತ್ರ ಎಂದಾದ ಕ್ಷಣದಲ್ಲಿ ಹೊಲವೇ ಗುರಿಯಾಗುತ್ತದೆ. ಹಳ್ಳಿಯವರಿಗೆ ಯಾವ ಪಕ್ಷವೆಂದು ಯಾರೂ ಕೇಳಲಿಲ್ಲ. ಬೇಸಿಗೆಯಲ್ಲಿ ಒಂದು ಸೈನ್ಯ ಬರುತ್ತಿತ್ತು, ಮಳೆಗಾಲದಲ್ಲಿ ಇನ್ನೊಂದು. ಬಂದವರೆಲ್ಲ ಅಕ್ಕಿ ಕೇಳಿದರು.

ಹ್ಮಾಂಗ್ ಹಳ್ಳಿಗಳ ಕಥೆಯೂ ಕಡಿಮೆಯದಲ್ಲ, ಆದರೆ ಫೋನ್ಸಾವನ್‌ನ ವಸ್ತುಸಂಗ್ರಹಾಲಯದಲ್ಲಿ ಅದು ಸಿಗುವುದಿಲ್ಲ. ಗುಪ್ತ ಸೈನ್ಯಕ್ಕೆ ಗಂಡಸರು ಮುಗಿದ ಮೇಲೆ ಹುಡುಗರನ್ನು ಸೇರಿಸಿದರು. ಬಂದೂಕಿಗಿಂತ ಸ್ವಲ್ಪ ಎತ್ತರವಿದ್ದ ಹುಡುಗರು. ಬೆಟ್ಟದ ಮೇಲಿನ ಅವರ ಊರುಗಳು ಖಾಲಿಯಾದವು, ವಿಮಾನದಿಂದ ಉದುರಿಸುವ ಅಕ್ಕಿಯ ಮೇಲೆ ಸಂಸಾರಗಳು ಬದುಕಿದವು. 1975ರಲ್ಲಿ ಪಾಥೆಟ್ ಲಾವೊ ಗೆದ್ದಾಗ ಅಮೆರಿಕನ್ನರು ಜನರಲ್‌ನನ್ನೂ ಕೆಲವು ಅಧಿಕಾರಿಗಳ ಕುಟುಂಬಗಳನ್ನೂ ವಿಮಾನದಲ್ಲಿ ಕರೆದೊಯ್ದರು. ಉಳಿದವರು ಕಾಡಿನಲ್ಲಿ ನಡೆದು ಮೆಕಾಂಗ್ ನದಿ ಈಜಿ ಥಾಯ್ಲೆಂಡ್ ಸೇರಬೇಕಾಯಿತು. ಸೇರದವರು ಬಹಳ. ಇದನ್ನು ಕೇಳಿದಾಗ ನನ್ನ ಗೈಡ್ ಮಾತು ಬದಲಿಸಿದ. ನಾನೂ ಒತ್ತಾಯಿಸಲಿಲ್ಲ, ನಾನು ಬಸ್ಸು ಹತ್ತಿ ಹೋಗುವವನು, ಅವನು ಅಲ್ಲೇ ಬಾಳಬೇಕಾದವನು.

ಏಳನೇ ಹೆದ್ದಾರಿಯಲ್ಲಿ ವಿಯೆಟ್ನಾಂ ದಿಕ್ಕಿಗೆ ಹೋದರೆ ಮುವಾಂಗ್ ಖಾಮ್ ತಾಲ್ಲೂಕು. ಅಲ್ಲಿ ಸುಣ್ಣಕಲ್ಲಿನ ಗುಡ್ಡವೊಂದರ ಎದೆಯಲ್ಲಿ ಥಾಮ್ ಪಿಯು ಗುಹೆ. ಸುತ್ತಲ ಹಳ್ಳಿಗಳವರು ದಾಳಿಗೆ ಹೆದರಿ ಇದರೊಳಗೆ ಸಂಸಾರ ಹೂಡಿದ್ದರು. 1968ರ ನವೆಂಬರ್ 24ರಂದು ವಿಮಾನವೊಂದು ನೇರ ಗುಹೆಯ ಬಾಯಿಗೆ ರಾಕೆಟ್ ಹೊಡೆಯಿತು. ಲಾವೋಸ್ ಸರ್ಕಾರದ ಲೆಕ್ಕದಲ್ಲಿ ಸತ್ತವರು 374 ಜನ, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಅದು ಶತ್ರುಗಳ ಅಡಗುದಾಣ ಎಂದು ಹೇಳುವವರೂ ಇದ್ದಾರೆ. ಕೆಳಗೆ, ಮೆಟ್ಟಿಲು ಶುರುವಾಗುವಲ್ಲಿ, ಸತ್ತ ಮಗುವನ್ನು ತೋಳಲ್ಲಿ ಹೊತ್ತು ನಿಂತ ಗಂಡಸಿನ ಪ್ರತಿಮೆ. ಪಕ್ಕದ ಪುಟ್ಟ ಸಂಗ್ರಹಾಲಯದಲ್ಲಿ ಹಳೆಯ ಫೋಟೊಗಳು.

ಗುಹೆಯೊಳಗೆ ಗೋಡೆಗಳು ಇನ್ನೂ ಕಪ್ಪು. ಮಾಡಿನಿಂದ ಕಳಚಿ ಬಿದ್ದ ಬಂಡೆಗಳು ಹಾಗೇ ಇವೆ, ಅವುಗಳ ಮೇಲೆ ಜನ ಸಣ್ಣ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು ಊದುಬತ್ತಿ ಸಿಕ್ಕಿಸಿದ್ದಾರೆ. ಅಲ್ಲಿ ಎರಡು ಮಾತು ಬರೆದುಕೊಳ್ಳೋಣವೆಂದು ಪುಸ್ತಕ ತೆಗೆದು ಮತ್ತೆ ಚೀಲಕ್ಕೆ ಹಾಕಿದೆ. ಕೆಳಗಿಳಿದಾಗ ಒಬ್ಬ ಮುದುಕಿ ಸೌತೆಕಾಯಿ ಮಾರುತ್ತಿದ್ದಳು. ಗೈಡ್ ಅವಳನ್ನು “ಅಜ್ಜಿ, ನೀವು ಈ ಊರಿನವರೇನಾ?” ಎಂದು ಕೇಳಿದ. ಆಗ ತಾನು ಚಿಕ್ಕವಳು, ತಮ್ಮ ಮನೆಯವರು ಬೇರೆ ಗುಹೆಯಲ್ಲಿದ್ದರು ಎಂದಳು. ಯಾಕೆ ಬೇರೆ ಗುಹೆ? “ಇದರಲ್ಲಿ ಜಾಗ ಇರಲಿಲ್ಲ.” ಅಷ್ಟು ಹೇಳಿ ಸೌತೆಕಾಯಿ ಸಿಪ್ಪೆ ಹೆರೆದು, ಉಪ್ಪು ಖಾರ ಸವರಿ ಕೊಟ್ಟಳು.

ಈ ಬಯಲಿಗೆ ಹರವಿಗಳ ಬಯಲು ಎಂಬ ಹೆಸರು ಬಂದದ್ದು ಕಲ್ಲಿನ ಹರವಿಗಳಿಂದ. ಆಳೆತ್ತರದ, ಕೆಲವು ಅದಕ್ಕೂ ಎತ್ತರದ, ಬಂಡೆಯಲ್ಲಿ ಕೊರೆದ ಹರವಿಗಳು. ಪ್ರಾಂತ್ಯದಲ್ಲೆಲ್ಲ ಸೇರಿ 2,000ಕ್ಕೂ ಹೆಚ್ಚಿವೆ. ಎರಡು ಸಾವಿರ ವರ್ಷಕ್ಕೂ ಹಿಂದಿನವು ಎನ್ನುತ್ತಾರೆ. ದೈತ್ಯರು ಯುದ್ಧ ಗೆದ್ದ ಸಂಭ್ರಮಕ್ಕೆ ಇವುಗಳಲ್ಲಿ ಅಕ್ಕಿಯ ಸಾರಾಯಿ ಇಳಿಸಿದರು ಎಂದು ಊರ ಕಥೆ. 1930ರ ದಶಕದಲ್ಲಿ ಮ್ಯಾಡೆಲಿನ್ ಕೊಲಾನಿ ಎಂಬ ಫ್ರೆಂಚ್ ವಿದುಷಿ ಅಗೆದು ನೋಡಿದಾಗ ಸಿಕ್ಕಿದ್ದು ಸುಟ್ಟ ಮೂಳೆ ಮತ್ತು ಮಣಿಗಳು. ಅವು ಶವಸಂಸ್ಕಾರದ ಪಾತ್ರೆಗಳು. 2019ರಲ್ಲಿ ಯುನೆಸ್ಕೊ ಇಲ್ಲಿನ ಹದಿನೈದು ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಊರಿಗೆ ಹತ್ತಿರದ ಒಂದನೇ ತಾಣದಲ್ಲೇ 300ಕ್ಕೂ ಹೆಚ್ಚು ಹರವಿಗಳಿವೆ. ಅವುಗಳ ನಡುವೆ ಬಾಂಬಿನ ಹೊಂಡಗಳು, ಸೈನಿಕರು ತೋಡಿದ ಕಂದಕಗಳು.

ನಾವು ನಡೆದದ್ದು ಹರವಿ ನೋಡುತ್ತಲ್ಲ, ಕಾಲ ಕೆಳಗೆ ನೋಡುತ್ತ. ಹುಲ್ಲಿನಲ್ಲಿ ಅಲ್ಲಲ್ಲಿ ಮ್ಯಾಗ್ ಎಂದು ಬರೆದ ಬಿಲ್ಲೆಗಳನ್ನು ನೆಟ್ಟಿದ್ದಾರೆ. ಬ್ರಿಟನ್ ಮೂಲದ ಈ ಸಂಸ್ಥೆ 1994ರಿಂದ ಲಾವೋಸ್‌ನಲ್ಲಿ ಸಿಡಿಯದ ಬಾಂಬು ತೆಗೆಯುತ್ತಿದೆ. ಬಿಲ್ಲೆಯ ಅರ್ಧ ಬಿಳಿ, ಅರ್ಧ ಕೆಂಪು. ಬಿಳಿಯ ಕಡೆ ಶೋಧಿಸಿದ ನೆಲ, ಕೆಂಪಿನ ಕಡೆ ಶೋಧಿಸದ್ದು. ಪ್ರವಾಸಿಗೆ ಇಂಥ ಬಿಲ್ಲೆ ಇದೆ. ಪಕ್ಕದ ದಿಣ್ಣೆಯಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದ ಹುಡುಗನ ಕಾಲ ಕೆಳಗೆ ಬಿಳಿಯೂ ಇರಲಿಲ್ಲ, ಕೆಂಪೂ ಇರಲಿಲ್ಲ.

ಸಿಡಿಯದೆ ಉಳಿದದ್ದರಲ್ಲಿ ಹೆಚ್ಚಿನವನ್ನು ಇಲ್ಲಿನವರು ಬೊಂಬಿ ಎನ್ನುತ್ತಾರೆ. ಟೆನಿಸ್ ಚೆಂಡಿನ ಗಾತ್ರದ ಲೋಹದ ಗುಂಡು. ಒಳಗೆ ಸ್ಫೋಟಕ, ಅದರ ಸುತ್ತ ಕವಚದಲ್ಲೇ ಹುದುಗಿಸಿದ ನೂರಾರು ಉಕ್ಕಿನ ಕಾಳು. ಒಂದೊಂದು ಉದ್ದನೆಯ ಕವಚದಲ್ಲಿ ಇಂಥವು ಆರುನೂರಕ್ಕೂ ಹೆಚ್ಚು. ಅದು ಆಕಾಶದಲ್ಲೇ ಎರಡಾಗಿ ಸೀಳಿಕೊಂಡು ಚೆಂಡುಗಳನ್ನು ಹಲವು ಎಕರೆಗೆ ಎರಚುತ್ತದೆ. ಸೇತುವೆ ಒಡೆಯಲು, ಕಟ್ಟಡ ಕೆಡವಲು ಇದು ಬಾರದು. ಮೈಗೆ ಹೊಕ್ಕುವುದಕ್ಕೆಂದೇ ಮಾಡಿದ್ದು. ಲಾವೋಸ್ ಮೇಲೆ ಬಿದ್ದದ್ದು 27 ಕೋಟಿ. ನೂರಕ್ಕೆ ಮೂವತ್ತರಷ್ಟು ಸಿಡಿಯಲಿಲ್ಲ ಎಂಬ ಅಂದಾಜಿನಲ್ಲಿ ಯುದ್ಧ ಮುಗಿದಾಗ ಮಣ್ಣಿನಲ್ಲಿ ಉಳಿದದ್ದು 8 ಕೋಟಿ. 1964ರಿಂದ ಈಚೆಗೆ ಸತ್ತವರು, ಗಾಯಗೊಂಡವರು ಸೇರಿ 50,000 ದಾಟುತ್ತಾರೆ. ಅವರಲ್ಲಿ 20,000ದಷ್ಟು ಜನ 1973ರ ಕದನವಿರಾಮದ ನಂತರದವರು.

ಗೈಡ್‌ನ ದೊಡ್ಡಪ್ಪನ ಮಗ ಅವರಲ್ಲಿ ಒಬ್ಬ. ಕಳಲೆ ಅಗೆಯಲು ಹೋಗಿದ್ದ, ವಯಸ್ಸು ಹನ್ನೊಂದು. ಬಲಗೈ ಹೋಯಿತು, ಒಂದು ಕಣ್ಣು ಹೋಯಿತು. “ಬದುಕಿದ ಸರ್, ಈಗ ಎರಡು ಮಕ್ಕಳಿವೆ” ಎಂದು ಮೊದಲು ಅದನ್ನೇ ಹೇಳಿದ. ಇಲ್ಲಿನ ಅಪಘಾತಗಳನ್ನು ಕೇಳುತ್ತ ಹೋದರೆ ಎಲ್ಲವೂ ದಿನದ ಕೆಲಸಗಳೇ. ಕಳಲೆಗೆ ಅಗೆದದ್ದು. ಮಿಡತೆ, ಜೀರುಂಡೆ ಹಿಡಿಯಲು ಕೆದಕಿದ್ದು. ಬೇಲಿಗೆ ಗೂಟ ಹೊಡೆದದ್ದು. ಬೆಟ್ಟದ ಕುಮರಿ ಬೇಸಾಯಕ್ಕೆ ಬೆಂಕಿ ಇಟ್ಟದ್ದು. ಅಂಗಳದಲ್ಲಿ ಚಳಿ ಕಾಯಿಸಲು ಹಚ್ಚಿದ ಬೆಂಕಿಯ ಕಾವು ಕೆಳಗಿಳಿದು, ಯಾರೂ ಕಾಣದ ಗುಂಡು ಸಿಡಿದದ್ದು. ಶಾಲೆಗಳಲ್ಲಿ ಬೊಂಬಿ ಕಂಡರೆ ಮುಟ್ಟಬೇಡಿ ಎಂದು ಹಾಡು ಕಲಿಸುತ್ತಾರೆ, ಸೂತ್ರದ ಬೊಂಬೆಯಾಟ ಆಡಿಸುತ್ತಾರೆ. ಮಕ್ಕಳಿಗೆ ಹಾಡು ಬರುತ್ತದೆ. ಆದರೂ ದುಂಡಗಿರುವುದು ಕೈಗೆ ಸಿಕ್ಕರೆ ಎಸೆಯುವುದೇ ಮಕ್ಕಳ ಬುದ್ಧಿ.

ವಿಯೆಂಟಿಯಾನ್‌ನ ಕೋಪ್ ಕೇಂದ್ರದಲ್ಲಿ, ಕೃತಕ ಕಾಲು ಮಾಡಿಕೊಡುವ ಸಂಸ್ಥೆಯಲ್ಲಿ, ಜನ ತಾವೇ ಮಾಡಿಕೊಂಡು ವರ್ಷಗಟ್ಟಲೆ ಹಾಕಿಕೊಂಡಿದ್ದ ಕಾಲುಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. ಮರದವು, ಬಿದಿರಿನವು, ಕೆಲವು ಅಲ್ಯೂಮಿನಿಯಂ ತಗಡಿನವು. ಆ ತಗಡು ಎಲ್ಲಿಂದ ಬಂದಿರಬಹುದು ಎಂದು ಯಾರೂ ಕೇಳಬೇಕಾಗಿಲ್ಲ.

ಬಾನ್ ನಾಪಿಯಾದಲ್ಲಿ ಆ ತಗಡಿನಿಂದ ಚಮಚ ಮಾಡುತ್ತಾರೆ. ಮನೆಯ ಹಿಂದೆ ಮಣ್ಣಿನ ಕುಲುಮೆ, ಅದರ ಮೇಲೆ ಕರಗುವ ಅಲ್ಯೂಮಿನಿಯಂ, ಪಕ್ಕದಲ್ಲಿ ಮರದ ಚೌಕಟ್ಟಿನ ಅಚ್ಚು. ಹೆಂಗಸೊಬ್ಬಳು ಸೌಟಿನಲ್ಲಿ ಮೊಗೆದು ಅಚ್ಚಿನ ಬಾಯಿಗೆ ಸುರಿದಳು. ಎರಡು ಉಸಿರು ಎಳೆಯುವಷ್ಟರಲ್ಲಿ ಅಚ್ಚು ತೆಗೆದರೆ ಚಮಚ. ಅಂಚನ್ನು ಉಜ್ಜಿ ಗುಡ್ಡೆಗೆ ಹಾಕಿದಳು. ಈ ಕಸುಬು ಯುದ್ಧ ಮುಗಿದ ಹೊಸತರಲ್ಲೇ ಶುರುವಾಯಿತು. ಹೋಟೆಲಿನವರು, ಸಂತೆಯವರು ಕೊಳ್ಳುತ್ತಿದ್ದರು. ಈಗ ಪ್ರವಾಸಿಗಳಿಗೆಂದು ಬಳೆ, ಕೀಲಿಗೊಂಚಲು ಕೂಡ. ಬಾಂಬಿನಿಂದ ಬಳೆ, ವಿನಾಶದಿಂದ ಸೌಂದರ್ಯ ಎಂದೆಲ್ಲ ಬರೆದ ಫಲಕವನ್ನು ಫೋನ್ಸಾವನ್‌ನ ಅಂಗಡಿಯೊಂದರಲ್ಲಿ ನೋಡಿದ್ದೆ. ನನಗೆ ಆ ಮಾತು ಹಿಡಿಸಲಿಲ್ಲ. ಇವರು ಚಮಚ ಮಾಡಿದ್ದು ಬೇರೆ ಲೋಹ ಕೊಳ್ಳಲು ದುಡ್ಡಿರದೆ. ಗುಜರಿ ಆಯುವುದೇ ಈ ಪ್ರಾಂತ್ಯದ ಎಷ್ಟೋ ಮನೆಗಳಿಗೆ ಆಸರೆಯಾಗಿತ್ತು. ಲೋಹದ ಬೆಲೆ ಏರಿದಾಗ ವಿಯೆಟ್ನಾಂನಿಂದ ಅಗ್ಗದ ಡಿಟೆಕ್ಟರುಗಳು ಬಂದವು, ಮಕ್ಕಳೂ ಹಿಡಿದು ಹೊರಟರು. ಹಾಗೆ ಹೋಗಿ ಸಿಡಿತಕ್ಕೆ ಸಿಕ್ಕವರೂ ಆ 20,000ದ ಲೆಕ್ಕದಲ್ಲಿ ಸೇರಿದ್ದಾರೆ. ಚಮಚ ಕೊಂಡೆ. ಹಗುರ, ಅನ್ನ ಕಲಸಲು ಅಷ್ಟೇನೂ ಚೆನ್ನಾಗಿಲ್ಲ.

ಒಂದು ಮಧ್ಯಾಹ್ನ ರಸ್ತೆ ಪಕ್ಕದ ಗುಡ್ಡದಲ್ಲಿ ಶೋಧ ತಂಡವೊಂದು ಕೆಲಸ ಮಾಡುತ್ತಿತ್ತು. ಎಲ್ಲರೂ ಹೆಂಗಸರು, ಹತ್ತಿರದ ಹಳ್ಳಿಗಳವರೇ. ಹಗ್ಗದ ಆಚೆ ನಿಂತು ನೋಡಲು ಅವರ ಮುಖ್ಯಸ್ಥೆ ಒಪ್ಪಿದಳು. ಸಾಲುನಾಟಿಗೆ ನಮ್ಮ ಗದ್ದೆಯಲ್ಲಿ ಹಗ್ಗ ಹಿಡಿಯುವ ಹಾಗೆ ಇಲ್ಲಿಯೂ ನೆಲಕ್ಕೆ ಹಗ್ಗ ಕಟ್ಟಿ ಪಟ್ಟೆಗಳನ್ನು ಮಾಡಿಕೊಂಡಿದ್ದರು. ಒಂದೊಂದು ಪಟ್ಟೆಗೆ ಒಬ್ಬಳು. ಡಿಟೆಕ್ಟರು ಎಡಕ್ಕೆ ಬಲಕ್ಕೆ ತೂಗುತ್ತ ಒಂದು ಹೆಜ್ಜೆ, ಮತ್ತೆ ತೂಗು. ಕೀಂ ಎಂದರೆ ನಿಲ್ಲಬೇಕು, ಮಂಡಿಯೂರಿ ಕೈಕರಣೆಯಿಂದ ಬದಿಯಿಂದ ಮಣ್ಣು ಕೆರೆಯಬೇಕು. ನಾವಿದ್ದಷ್ಟು ಹೊತ್ತು ಸಿಕ್ಕಿದ್ದು ಬಾಂಬಿನ ಚೂರು, ಮೊಳೆ, ಒಂದು ಮುರಿದ ಕುಡುಗೋಲು. ಬೊಂಬಿ ಸಿಕ್ಕರೆ ಅದನ್ನು ಎತ್ತುವುದಿಲ್ಲ. ಗುರುತು ಹಾಕಿ, ಸುತ್ತ ಮರಳಿನ ಚೀಲ ಇಟ್ಟು, ದಿನದ ಕೊನೆಗೆ ಧ್ವನಿವರ್ಧಕದಲ್ಲಿ ಕೂಗಿ ಜನರನ್ನು ದೂರ ಕಳಿಸಿ ಇದ್ದಲ್ಲೇ ಸಿಡಿಸುತ್ತಾರೆ.

ಎಷ್ಟು ಆಳದವರೆಗೆ ಹುಡುಕುತ್ತೀರಿ ಎಂದು ಕೇಳಿದೆ. ಆಕೆ ಹೆಬ್ಬೆರಳು ಕಿರುಬೆರಳು ಚಾಚಿ ತೋರಿಸಿದಳು. ಬೇಸಾಯದ ಜಮೀನಿಗೆ ಸುಮಾರು 25 ಸೆಂಟಿಮೀಟರ್. ಒಂದು ಗೇಣು.

20 ಲಕ್ಷ ಟನ್ ಎಂಬುದು ನನ್ನ ತಲೆಯಲ್ಲಿ ಇಳಿದದ್ದು ಆಗ. ಒಂದು ಗೇಣು ಎಂದರೆ ಗುದ್ದಲಿಯ ಒಂದು ಏಟು. ಅದು ನೇಗಿಲ ಗುಳ ಇಳಿಯುವ ಆಳ, ಗೆಣಸು ಬಲಿಯುವ ಆಳ. ಈ ಪದರದಲ್ಲೇ ರೈತನ ಆಯುಷ್ಯವೆಲ್ಲ ಕಳೆಯುತ್ತದೆ, ಬಾಂಬು ಬಂದು ಕೂತದ್ದೂ ಈ ಪದರದಲ್ಲೇ. ತೆಗೆಯುವ ಕೆಲಸ ನಡೆಯುವುದು ಮಂಡಿಯ ಮೇಲೆ, ಒಂದೊಂದೇ ಹೆಜ್ಜೆಯಾಗಿ. ಸರ್ಕಾರದ ಶೋಧ ಸಂಸ್ಥೆ 1996ರಲ್ಲಿ ಶುರುವಾಯಿತು. ಅಂದಿನಿಂದ ಎಲ್ಲರೂ ಸೇರಿ ತೆಗೆದಿರುವುದು ಇರುವುದರಲ್ಲಿ ತೀರ ಸಣ್ಣ ಪಾಲು.

ದುಡ್ಡು ಬರುತ್ತದೆ, ನಿಲ್ಲುತ್ತದೆ. 2016ರ ಸೆಪ್ಟೆಂಬರಿನಲ್ಲಿ ಬಂದ ಒಬಾಮ, ಅಧಿಕಾರದಲ್ಲಿರುವಾಗ ಲಾವೋಸ್‌ಗೆ ಕಾಲಿಟ್ಟ ಮೊದಲ ಅಮೆರಿಕ ಅಧ್ಯಕ್ಷ. ಮೂರು ವರ್ಷಕ್ಕೆ 9 ಕೋಟಿ ಡಾಲರ್ ಘೋಷಿಸಿದರು. ಕ್ಷಮೆ ಕೇಳಲಿಲ್ಲ. 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಅದರ ಹಣದಲ್ಲಿ ನಡೆಯುತ್ತಿದ್ದ ಬಾಂಬು ತೆಗೆಯುವ ಕೆಲಸಕ್ಕೂ ಏಟು ಬಿತ್ತು. ಕ್ಲಸ್ಟರ್ ಬಾಂಬು ನಿಷೇಧದ ಒಪ್ಪಂದ 2008ರಲ್ಲಿ ಆಯಿತು, 2010ರಲ್ಲಿ ಜಾರಿಗೆ ಬಂತು. ಅದರ ಮೊದಲ ಸಭೆ ನಡೆದದ್ದು ವಿಯೆಂಟಿಯಾನ್‌ನಲ್ಲೇ. ಅಮೆರಿಕ, ರಷ್ಯಾ, ಚೀನಾ ಸಹಿ ಹಾಕಿಲ್ಲ. ಭಾರತವೂ ಹಾಕಿಲ್ಲ. ದಕ್ಷಿಣ ಲಾವೋಸ್‌ನ ವಾಟ್ ಫೂ ಶಿವಾಲಯದ ಜೀರ್ಣೋದ್ಧಾರಕ್ಕೆ ನಮ್ಮ ಪುರಾತತ್ವ ಇಲಾಖೆಯವರು ಹೋಗಿದ್ದಾರೆ, ಒಳ್ಳೆಯ ಕೆಲಸ. ಕಲ್ಲಿನ ಬಗ್ಗೆ ಇರುವ ಈ ಕಾಳಜಿ ಮಣ್ಣಿನ ಬಗ್ಗೆ ಸಹಿ ಹಾಕುವಷ್ಟು ದೂರ ಬಂದಿಲ್ಲ. 2023ರಲ್ಲಿ ಅಮೆರಿಕ ಇಂಥವೇ ಬಾಂಬುಗಳನ್ನು ಉಕ್ರೇನಿಗೆ ಕಳಿಸಿತು. ರಷ್ಯಾ ಅಲ್ಲಿ ಮೊದಲೇ ಬಳಸುತ್ತಿತ್ತು. ಅದೂ ಗೋಧಿ, ಮೆಕ್ಕೆಜೋಳದ ನೆಲ.

ಶೋಧ ನಡೆಯುತ್ತಿದ್ದ ಜಮೀನಿನ ಯಜಮಾನ ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಐವತ್ತರ ಆಸುಪಾಸು. ಕೆಳಗಿನ ಗದ್ದೆಯಲ್ಲಿ ಅಂಟು ಅಕ್ಕಿಯ ಭತ್ತ ಬೆಳೆಯುತ್ತಾನೆ, ಅದು ಮನೆಗೆ. ಗುಡ್ಡದ ನೆಲದಲ್ಲಿ ಮೆಕ್ಕೆಜೋಳ, ಅದು ಪಶು ಆಹಾರಕ್ಕೆಂದು ವಿಯೆಟ್ನಾಂನ ವ್ಯಾಪಾರಿಗಳಿಗೆ. ನಮ್ಮ ಕಡೆಯೂ ಮೆಕ್ಕೆಜೋಳವೇ ಎಂದು ಗೈಡ್ ಹೇಳಿದಾಗ ಅವನಿಗೆ ನನ್ನಲ್ಲಿ ಆಸಕ್ತಿ ಹುಟ್ಟಿತು. ಎಕರೆಗೆ ಎಷ್ಟು ಬರುತ್ತದೆ, ಬೀಜ ಯಾರದ್ದು, ಗೊಬ್ಬರದ ಬೆಲೆ ಎಷ್ಟು, ಮಧ್ಯವರ್ತಿ ತೂಕದಲ್ಲಿ ಹೊಡೆಯುತ್ತಾನೋ ಎಂದೆಲ್ಲ ವಿಚಾರಿಸಿದ. ಹೊಡೆಯುತ್ತಾನೆ ಎಂದೆ. ಇಲ್ಲಿಯೂ ಅಷ್ಟೇ ಎಂದು ನಕ್ಕ.

ಆಮೇಲೆ ಅವನು ಕೇಳಿದ, “ನಿಮ್ಮಲ್ಲಿ ಎಷ್ಟು ಆಳ ಉಳುತ್ತಾರೆ?”

ಎತ್ತಿನ ರಂಟೆಯಾದರೆ ಇಷ್ಟು, ಟ್ರ್ಯಾಕ್ಟರಿಗೆ ಪಲ್ಟಿ ನೇಗಿಲು ಕಟ್ಟಿದರೆ ಒಂದು ಗೇಣು ದಾಟುತ್ತದೆ, ಕಬ್ಬಿಗಾದರೆ ಇನ್ನೂ ಆಳ ಎಂದು ಕೈಯಲ್ಲಿ ತೋರಿಸಿದೆ. ಆಳ ಉತ್ತರೆ ಇಳುವರಿ ಹೆಚ್ಚುತ್ತದೆಯೇ ಎಂದು ಕೇಳಿದ. ಮಳೆ ಕಡಿಮೆಯಾದ ವರ್ಷ ವ್ಯತ್ಯಾಸ ಕಾಣುತ್ತದೆ ಎಂದೆ. ಅವನು ತಲೆಯಾಡಿಸಿದ. ಅವನ ಅಪ್ಪ ಗುದ್ದಲಿಯಿಂದ ಮೇಲೆ ಮೇಲೆ ಕೆರೆದು ಬೀಜ ಊರುತ್ತಿದ್ದನಂತೆ, ಇವನೂ ಬಹಳ ವರ್ಷ ಹಾಗೇ. ಈಗ ಬೀಜದ ಸಾಲ ಇದೆ, ಮಗಳು ವಿಯೆಂಟಿಯಾನ್‌ನಲ್ಲಿ ಓದುತ್ತಿದ್ದಾಳೆ, ಕೆರೆದು ಬೆಳೆದದ್ದರಲ್ಲಿ ಅದೆಲ್ಲ ತೂಗುವುದಿಲ್ಲ. ಬಾಡಿಗೆ ಟಿಲ್ಲರಿನವನು ಹಗ್ಗದ ಈಚಿನ ನೆಲಕ್ಕೆ ಬರುತ್ತೇನೆ ಎಂದಿದ್ದಾನೆ. ಹಗ್ಗದ ಆಚೆ, ಇಳಿಜಾರಿನ ಮೇಲುಭಾಗ, ಇವನದ್ದೇ ಆದ ಇನ್ನಷ್ಟು ನೆಲವಿದೆ. ಅದು ಶೋಧದ ಪಟ್ಟಿಯಲ್ಲಿದೆ, ಸರದಿ ಯಾವಾಗ ಎಂದು ತಂಡದವರಿಗೂ ಗೊತ್ತಿಲ್ಲ.

“ಆ ನೆಲಕ್ಕೆ ಕಾಯುತ್ತೀರಾ?” ಎಂದೆ.

ಗೈಡ್ ಅನುವಾದಿಸುವ ಮೊದಲೇ ಅವನಿಗೆ ಪ್ರಶ್ನೆ ತಿಳಿದಿತ್ತೆಂದು ಕಾಣುತ್ತದೆ. ಈ ವರ್ಷ ಕಾಯುತ್ತೇನೆ, ಬೆಲೆ ಹೀಗೇ ಇದ್ದರೆ ಬರುವ ವರ್ಷ ತಾನೇ ಟಿಲ್ಲರು ಹೊಡೆಯುತ್ತೇನೆ ಎಂದ. ಬಾಡಿಗೆಯವನು ಬರುವುದಿಲ್ಲವಲ್ಲ, ಟಿಲ್ಲರು ಯಾರದ್ದು? ಕೊಳ್ಳಬೇಕು, ಫೋನ್ಸಾವನ್‌ನಲ್ಲಿ ವಿಚಾರಿಸಿದ್ದೇನೆ, ಕಂತಿನ ಮೇಲೆ ಕೊಡುತ್ತಾರೆ ಎಂದು ಹೇಳಿ, ನಿಮ್ಮ ದೇಶದ ಟಿಲ್ಲರುಗಳು ಎಷ್ಟು ಅಶ್ವಶಕ್ತಿಯವು ಎಂದು ಕೇಳತೊಡಗಿದ.